ಹೆಂಡತಿ ಮೇಲಿನ ಪ್ರೀತಿಗೆ ಹೊಲಿಗೆ ಮಷೀನು ಮಾಡಿದನಂತೆ ಸಿಂಗರ್. ಯಾವ ಹೆಂಡತಿ?

ಬಾಬಿನ್ ಪೆಟ್ಟಿಗೆ:
ಎಲ್ಲರಿಗೂ ನಮಸ್ಕಾರ. ಮೊನ್ನೆ ಅಜ್ಜಿಯ ಹಳೇ ಸಿಂಗರ್ ಮಷೀನನ್ನು ಅಟ್ಟದಿಂದ ಇಳಿಸಿ ಒರೆಸುತ್ತಾ ಕೂತಿದ್ದೆ. ಆಗ ಎಂಟನೇ ಕ್ಲಾಸಿನ ಒಂದು ಭಾಷಣ ನೆನಪಾಯಿತು. ಗಾಂಧಿ ಜಯಂತಿಗೆ ಮೇಷ್ಟ್ರು ಬರೆದುಕೊಟ್ಟಿದ್ದು, ನಾನು ಬಾಯಿಪಾಠ ಮಾಡಿ ಒಪ್ಪಿಸಿದ್ದು. ಗಾಂಧೀಜಿ ಎಲ್ಲ ಯಂತ್ರಗಳನ್ನೂ ಬೇಡ ಅಂದವರಲ್ಲ, ಸಿಂಗರ್ ಹೊಲಿಗೆ ಯಂತ್ರವನ್ನು ಹೊಗಳಿದ್ದರು, ಯಾಕಂದರೆ ಹೆಂಡತಿ ಕೈಯಲ್ಲಿ ಹೊಲಿದು ಹೊಲಿದು ಸೋಲುವುದನ್ನು ನೋಡಲಾರದೆ ಸಿಂಗರ್ ಪ್ರೀತಿಯಿಂದ ಅದನ್ನು ಮಾಡಿದ ಅಂತ ಅದರಲ್ಲಿ ಇತ್ತು. ಚಪ್ಪಾಳೆ ಜೋರಾಗಿ ಬಿದ್ದಿತ್ತು.

ನಿನ್ನೆ ಸುಮ್ನೆ ಆ ಸಿಂಗರ್ ಯಾರು ಅಂತ ಓದಲು ಕೂತೆ. ಐಸಾಕ್ ಮೆರಿಟ್ ಸಿಂಗರ್, ಹುಟ್ಟಿದ್ದು 1811, ನ್ಯೂಯಾರ್ಕ್ ರಾಜ್ಯದ ಪಿಟ್ಸ್‌ಟೌನ್. ಅಲ್ಲಿಯ ತನಕ ಸರಿ. ಆಮೇಲೆ ಹೆಂಡತಿಯರ ಪಟ್ಟಿ ಬಂತು ನೋಡಿ, ಓದಿದ್ದನ್ನೇ ಮತ್ತೆ ಮೂರು ಸಲ ಓದಿದೆ. ಗಾಂಧೀಜಿ ಹೇಳಿದ ಹೆಂಡತಿ ಇವರಲ್ಲಿ ಯಾರು? ಅಥವಾ ಮೇಷ್ಟ್ರೇ ಕಥೆ ಕಟ್ಟಿದರಾ?

ಸೂಜಿಮೊನೆ:
ಮೇಷ್ಟ್ರದು ತಪ್ಪಿಲ್ಲ. ಗಾಂಧೀಜಿ ನಿಜವಾಗಿಯೂ ಹಾಗೆ ಹೇಳಿದ್ದರು. 1924ರಲ್ಲಿ, ಶಾಂತಿನಿಕೇತನದ ವಿದ್ಯಾರ್ಥಿ ರಾಮಚಂದ್ರನ್ ಜೊತೆ ಮಾತಾಡುವಾಗ. ಅದು ಯಂಗ್ ಇಂಡಿಯಾ ಪತ್ರಿಕೆಯಲ್ಲೂ ಬಂತು. ತಪ್ಪು ಇರುವುದು ಕಥೆಯಲ್ಲಿ.

ಕಾಫಿಗೆ ಬಾ:
24 ಮಕ್ಕಳಂತೆ ಆ ಮಹಾನುಭಾವನಿಗೆ. ಹೊಲಿಗೆ ಯಂತ್ರ ಮಾಡದೆ ಇನ್ನೇನು ಮಾಡುತ್ತಾನೆ? ಅಷ್ಟು ಮಕ್ಕಳಿಗೆ ಚಡ್ಡಿ ಕೈಯಲ್ಲಿ ಹೊಲಿಯೋಕಾಗುತ್ತಾ 😄

ತುಮಕೂರು ತಾತ:
ಹಿರಿಯರನ್ನು ಏಕವಚನದಲ್ಲಿ ಮಾತಾಡಿಸುವುದು ಯಾಕೆ? ಸತ್ತು ಸುಮಾರು ನೂರೈವತ್ತು ವರ್ಷ ಆದವರು.

ಕಾಫಿಗೆ ಬಾ:
ತಾತ, ಸರಿ. 24 ಮಕ್ಕಳ ತಂದೆಗೆ ಬಹುವಚನವೇ ಸರಿ.

ನಾಲ್ಕಾಣೆ:
24 ಅಲ್ಲ, 18 ಅಂತ ಓದಿದ ನೆನಪು.

ಸೂಜಿಮೊನೆ:
18 ಅನ್ನುವುದು 1860ರ ಲೆಕ್ಕ. ಆಮೇಲೂ ಸಂಸಾರ ಬೆಳೆಯಿತು. ಕೂಡಿಸಿ ನೋಡಿ.

1830ರಲ್ಲಿ ಕ್ಯಾಥರೀನ್ ಹೇಲಿಯನ್ನು ಮದುವೆಯಾದರು. ಹುಡುಗನಿಗೆ ಇನ್ನೂ ಹತ್ತೊಂಬತ್ತು, ಹುಡುಗಿಗೆ ಹದಿನೈದು. ಇಬ್ಬರು ಮಕ್ಕಳು. 1836ರಲ್ಲಿ ನಾಟಕದ ತಂಡದ ಜೊತೆ ಬಾಲ್ಟಿಮೋರ್‌ಗೆ ಹೋದಾಗ ಮೇರಿ ಆನ್ ಸ್ಪಾನ್ಸ್‌ಲರ್ ಪರಿಚಯ. ಮದುವೆಯಾಗಿದೆ ಅಂತ ಆಕೆಗೆ ಹೇಳಲೇ ಇಲ್ಲ. 1837ರಲ್ಲಿ ಕ್ಯಾಥರೀನ್‌ಗೆ ಎರಡನೇ ಮಗು, ಅದೇ ವರ್ಷ ಮೇರಿ ಆನ್‌ಗೆ ಮೊದಲನೆಯದು. ಮೇರಿ ಆನ್‌ಗೆ ಒಟ್ಟು ಹತ್ತು. ನ್ಯೂಯಾರ್ಕಿನಲ್ಲೇ ಇನ್ನೊಂದು ಬೀದಿಯಲ್ಲಿ ಮೇರಿ ಮೆಗಾನಿಗಲ್ ಎಂಬಾಕೆಗೆ ಐದು, ಅಲ್ಲಿ ಇವರ ಹೆಸರು ಮ್ಯಾಥ್ಯೂಸ್. ಮೇರಿ ವಾಲ್ಟರ್ಸ್ ಎಂಬಾಕೆಗೆ ಒಬ್ಬಳು ಮಗಳು, ಅಲ್ಲಿ ಹೆಸರು ಮೆರಿಟ್. 2, 10, 5, 1, ಒಟ್ಟು 18. ಕೊನೆಗೆ 1863ರಲ್ಲಿ ಪ್ಯಾರಿಸ್ಸಿನ ಇಸಬೆಲ್ಲಾ ಬೋಯರ್ ಜೊತೆ ಮದುವೆ, ಆರು ಮಕ್ಕಳು. 24.

ಮೂವರು ಮೇರಿಯರು ಒಂದೇ ಊರಲ್ಲಿ, ಗಮನಿಸಿ. ನಿದ್ದೆಗಣ್ಣಲ್ಲಿ ಕರೆದರೂ ಹೆಸರು ತಪ್ಪುವ ಭಯ ಇರಲಿಲ್ಲ.

ಮಲೆನಾಡಿನವಳು:
ನಗು ಬರುತ್ತೆ ನಿಜ. ಆದರೆ ಮೇರಿ ಆನ್ ಕಡೆಯಿಂದ ಒಮ್ಮೆ ನೋಡಿ. ಆ ನಾಟಕದ ದಿನಗಳಲ್ಲಿ ಜೊತೆಗೆ ಇದ್ದವಳು ಅವಳು. 1839ರಲ್ಲಿ ಬಂಡೆ ಕೊರೆಯುವ ಯಂತ್ರದ ಪೇಟೆಂಟ್ ಮಾರಿ 2000 ಡಾಲರ್ ಬಂದಾಗ ಸಿಂಗರ್ ಮಾಡಿದ್ದೇನು? ಸ್ವಂತ ನಾಟಕ ಕಂಪನಿ ಕಟ್ಟಿದರು. ಐದು ವರ್ಷ ಊರೂರು ಸುತ್ತಿದರು. ಗಾಡಿಯಲ್ಲಿ ಮಕ್ಕಳು, ರಂಗದ ಮೇಲೆ ಮೇರಿ ಆನ್. ದುಡ್ಡು ಮುಗಿಯಿತು, ಕಂಪನಿ ಮುಚ್ಚಿತು. ಇಪ್ಪತ್ತೈದು ವರ್ಷ ಇವಳು ಶ್ರೀಮತಿ ಸಿಂಗರ್ ಅಂತಲೇ ಬದುಕಿದಳು. ಕ್ಯಾಥರೀನ್‌ಗೆ ವಿಚ್ಛೇದನ ಕೊಟ್ಟ ಮೇಲೆ ನಿನ್ನನ್ನು ಮದುವೆಯಾಗುತ್ತೇನೆ ಅಂತ ಮಾತು ಕೊಟ್ಟಿದ್ದರು. 1860ರಲ್ಲಿ ವಿಚ್ಛೇದನವೂ ಆಯಿತು. ಮದುವೆ ಮಾತ್ರ ಆಗಲಿಲ್ಲ.

ಅದೇ 1860ರ ಆಗಸ್ಟ್‌ನಲ್ಲಿ ಫಿಫ್ತ್ ಅವೆನ್ಯೂನಲ್ಲಿ ಅವಳ ಸಾರೋಟು ಹೋಗುತ್ತಿತ್ತು. ಎದುರಿಗೆ ಸಿಂಗರ್ ಸಾರೋಟು. ಪಕ್ಕದಲ್ಲಿ ಮೇರಿ ಮೆಗಾನಿಗಲ್. ಇವಳು ನಡುಬೀದಿಯಲ್ಲಿ ಕೂಗಾಡುತ್ತಾ ಬೆನ್ನು ಹತ್ತಿದಳು. ಆ ಮನುಷ್ಯ ಮನೆಗೆ ಬಂದು ಅವಳನ್ನು ಚೆನ್ನಾಗಿ ಹೊಡೆದರು. ಅವಳು ಸುಮ್ಮನಿರಲಿಲ್ಲ, ದೂರು ಕೊಟ್ಟಳು. ಸಿಂಗರ್ ಬಂಧನವಾಯಿತು, ಜಾಮೀನು ಸಿಕ್ಕಿತು, ಸೀದಾ ಲಂಡನ್‌ಗೆ ಓಡಿದರು.

ಇದನ್ನೆಲ್ಲ ಓದಿದ ಮೇಲೆ ಹೆಂಡತಿ ಮೇಲಿನ ಪ್ರೀತಿಯಿಂದ ಅನ್ನುವ ಮಾತು ಕೇಳಿದರೆ ಹೊಟ್ಟೆ ಉರಿಯುತ್ತದೆ.

ನಾಲ್ಕಾಣೆ:
ಓಡುವಾಗ ಜೊತೆಗೆ ಮೆಗಾನಿಗಲ್ ತಂಗಿಯನ್ನು ಕರೆದುಕೊಂಡು ಹೋಗಿದ್ದನ್ನು ಬಿಟ್ಟಿರಿ ಅಕ್ಕ.

ಮಲೆನಾಡಿನವಳು:
ಬಿಟ್ಟಿದ್ದು ಬೇಕೆಂದೇ. ಬರೆಯಲೂ ಬೇಜಾರು.

ಹಳೇ ಪೆಡಲು:
ನಾನು ವೃತ್ತಿಯಲ್ಲಿ ದರ್ಜಿ, ಮೂವತ್ತೆರಡು ವರ್ಷ ಆಯಿತು. ಮನುಷ್ಯ ಹೇಗಾದರೂ ಇರಲಿ, ಮಷೀನಿನ ವಿಷಯ ಬಿಡಬೇಡಿ. ಸಿಂಗರ್ ಹೊಲಿಗೆ ಯಂತ್ರ 'ಕಂಡುಹಿಡಿದರು' ಅನ್ನುವುದೇ ಅರ್ಧ ಸತ್ಯ. 1850ರಲ್ಲಿ ಬಾಸ್ಟನ್‌ನಲ್ಲಿ ಆರ್ಸನ್ ಫೆಲ್ಪ್ಸ್ ಎಂಬುವರ ವರ್ಕ್‌ಶಾಪಿನಲ್ಲಿ ಬೇರೆ ಕಂಪನಿಯ ಹೊಲಿಗೆ ಯಂತ್ರಗಳು ರಿಪೇರಿಗೆ ಬಂದು ಬಿದ್ದಿದ್ದವು. ಅವುಗಳಲ್ಲಿ ಶಟಲ್, ಅಂದರೆ ಕೆಳಗಿನ ದಾರ ಒಯ್ಯುವ ಭಾಗ, ಗುಂಡಗೆ ಸುತ್ತುತ್ತಿತ್ತು. ಸುತ್ತಿದಾಗೆಲ್ಲ ದಾರಕ್ಕೆ ಒಂದು ಮುರಿ ಬೀಳುತ್ತದೆ ಅಥವಾ ಬಿಚ್ಚುತ್ತದೆ, ದಾರ ಹರಿಯುತ್ತದೆ. ಸಿಂಗರ್ ನೋಡಿ ಹೇಳಿದ್ದು ಇಷ್ಟು: ಶಟಲ್ ಹಿಂದೆ ಮುಂದೆ ಓಡಲಿ, ಸೂಜಿ ಬಾಗಿದ್ದು ಬೇಡ ನೆಟ್ಟಗೆ ಮೇಲಿಂದ ಕೆಳಗೆ ಬರಲಿ, ಬಟ್ಟೆ ಮೇಜಿನ ಮೇಲೆ ಮಲಗಲಿ, ಮೇಲಿಂದ ಒಂದು ಪಾದ ಒತ್ತಿ ಹಿಡಿಯಲಿ. ಆಮೇಲೆ ಕಾಲಲ್ಲಿ ತುಳಿಯುವ ವ್ಯವಸ್ಥೆ. ಎರಡು ಕೈ ಬಟ್ಟೆಗೆ ಬಿಡುವು. ನಮ್ಮ ಅಂಗಡಿಯಲ್ಲಿ ಇವತ್ತು ಇರುವ ಮಷೀನೂ ಹೆಚ್ಚುಕಡಿಮೆ ಇದೇ ಆಕಾರ.

ಹನ್ನೊಂದು ದಿನ, ನಲವತ್ತು ಡಾಲರ್ ಖರ್ಚಿನಲ್ಲಿ ಮಾದರಿ ತಯಾರಾಯಿತು ಅಂತ ಅವರೇ ಹೇಳಿಕೊಂಡರು. 1851ರ ಆಗಸ್ಟ್ 12ಕ್ಕೆ ಪೇಟೆಂಟ್. ಇಂಥ ತಲೆಗೆ ಒಂದು ನಮಸ್ಕಾರ ಹಾಕಬೇಕು.

ಸೂಜಿಮೊನೆ:
ನಮಸ್ಕಾರ ಹಾಕಿ, ಆದರೆ ಆ ನಲವತ್ತು ಡಾಲರ್ ಸಿಂಗರ್ ಜೇಬಿನದಲ್ಲ. ಜಾರ್ಜ್ ಜೀಬರ್ ಎಂಬ ಪಾಲುದಾರನದು. ಆ ಜೀಬರ್ ಮುಂದೆ ಕಾಯಿಲೆ ಬಿದ್ದಾಗ, ಡಾಕ್ಟರ್ ನೀನು ಬದುಕಲ್ಲ ಅಂದಿದ್ದಾರೆ ಅಂತ ಹೆದರಿಸಿ 6000 ಡಾಲರ್‌ಗೆ ಅವನ ಪಾಲನ್ನು ಬರೆಸಿಕೊಂಡರು. ಜೀಬರ್ ಸಾಯಲಿಲ್ಲ. ಡಾಕ್ಟರ್ ಹಾಗೆ ಅಂದಿರಲೂ ಇಲ್ಲ. ಫೆಲ್ಪ್ಸ್‌ನನ್ನೂ ಅಷ್ಟೊತ್ತಿಗೆ ಹೊರಗೆ ಕಳಿಸಿ ಆಗಿತ್ತು.

ಇನ್ನೊಂದು. ಫೆಲ್ಪ್ಸ್ ಅಂಗಡಿಯಲ್ಲಿ ಹೊಲಿಗೆ ಯಂತ್ರ ಸುಧಾರಿಸು ಅಂದಾಗ ಸಿಂಗರ್ ಮೊದಲು ಸಿಡುಕಿದರಂತೆ. ಹೆಂಗಸರ ಬಾಯಿ ಮುಚ್ಚಿಸುವುದು ಹೊಲಿಗೆ ಒಂದೇ, ಅದನ್ನೂ ತಪ್ಪಿಸುತ್ತೀರಾ ಅಂತ. ಆವಿಷ್ಕಾರ ಯಾರಿಗೆ ಬೇಕು, ನನಗೆ ಬೇಕಾಗಿರುವುದು ಕಾಸು ಅಂದ ಮಾತೂ ಅವರ ಹೆಸರಲ್ಲೇ ಇದೆ. ಗಾಂಧೀಜಿಗೆ ಯಾರು ಆ ಪ್ರೇಮಕಥೆ ಹೇಳಿದರೋ!

ಬಾಬಿನ್ ಪೆಟ್ಟಿಗೆ:
ಹಾಗಾದರೆ ಹೆಂಡತಿ ಹೊಲಿಯುವುದನ್ನು ನೋಡಿ ಮರುಗಿದವರು ಯಾರೂ ಇಲ್ವಾ?

ಕಿಟಕಿ ಸೀಟು:
ಇದ್ದಾರೆ. ಎಲಿಯಾಸ್ ಹೋವ್. ನನ್ನ ಅನುಮಾನ, ಗಾಂಧೀಜಿ ಕೇಳಿದ್ದು ಹೋವ್ ಕಥೆ, ಅಂಟಿಕೊಂಡಿದ್ದು ಸಿಂಗರ್ ಹೆಸರಿಗೆ. ಮಷೀನಿನ ಮೇಲೆ ಬಂಗಾರದ ಅಕ್ಷರದಲ್ಲಿ ಬರೆದಿದ್ದು ಆ ಹೆಸರೇ ತಾನೇ.

ಹೋವ್ ಬಡ ಮೆಕ್ಯಾನಿಕ್, ಮೈಯಲ್ಲಿ ಶಕ್ತಿ ಇಲ್ಲ. ಸಂಜೆ ಬಂದು ಸುಸ್ತಾಗಿ ಮಲಗಿದರೆ ಹೆಂಡತಿ ಎಲಿಜಬೆತ್ ಮನೆ ಖರ್ಚಿಗೆ ಊರವರ ಬಟ್ಟೆ ಹೊಲಿಯುತ್ತಿದ್ದಳು. ಅವಳ ಕೈಯ ಚಲನೆ ನೋಡುತ್ತಾ ಯಂತ್ರದ ಯೋಚನೆ ಬಂತು ಅನ್ನುವುದು ಅವರ ಮನೆಯ ಕಥೆ. 1845ರಲ್ಲಿ ಬಾಸ್ಟನ್‌ನಲ್ಲಿ ಐದು ಜನ ಕೈಹೊಲಿಗೆಯವರ ಎದುರು ಒಬ್ಬನೇ ಮಷೀನಿಟ್ಟುಕೊಂಡು ಕೂತು ಗೆದ್ದ. 1846ರಲ್ಲಿ ಪೇಟೆಂಟ್. ಕೊಳ್ಳುವವರು ಒಬ್ಬರೂ ಇಲ್ಲ. ಇಂಗ್ಲೆಂಡಿಗೆ ಹೋದ, ಅಲ್ಲಿ ವಿಲಿಯಂ ಥಾಮಸ್ ಎಂಬ ವ್ಯಾಪಾರಿಗೆ 250 ಪೌಂಡಿಗೆ ಹಕ್ಕು ಹೋಯಿತು. 1849ರಲ್ಲಿ ಬರಿಗೈಯಲ್ಲಿ ವಾಪಸ್ ಬಂದಾಗ ಎಲಿಜಬೆತ್ ಕ್ಷಯದಿಂದ ಸಾಯುವ ಸ್ಥಿತಿಯಲ್ಲಿದ್ದಳು.

ಯಾರ ಕಷ್ಟ ತಪ್ಪಿಸಲು ಮಷೀನು ಬೇಕಿತ್ತೋ ಅವಳು ಹೋದ ಮೇಲೆ ಅಮೆರಿಕದಲ್ಲಿ ಎಲ್ಲೆಡೆ ಅದೇ ಮಷೀನು. ಅದರಲ್ಲಿ ಮುಖ್ಯವಾದದ್ದು ಸಿಂಗರ್. ಹೋವ್ ಕೇಸು ಹಾಕಿದ. 1854ರಲ್ಲಿ ಗೆದ್ದ. ತುದಿಯಲ್ಲಿ ಕಣ್ಣಿರುವ ಸೂಜಿ, ಕೆಳಗಿನಿಂದ ಎರಡನೇ ದಾರ ತರುವ ಶಟಲ್, ಇವೆರಡನ್ನೂ ಸೇರಿಸಿ ಗಂಟುಹೊಲಿಗೆ ಹಾಕುವುದು ತನ್ನ ಪೇಟೆಂಟ್ ಅಂತ.

ಕಾಫಿಗೆ ಬಾ:
ಕನಸಿನಲ್ಲಿ ಕಾಡುಜನ ಈಟಿ ಹಿಡಿದು ಬಂದರು, ಈಟಿಯ ತುದಿಯಲ್ಲಿ ತೂತಿತ್ತು, ಎದ್ದು ಸೂಜಿಯ ತುದಿಗೆ ತೂತು ಮಾಡಿದ ಅನ್ನುವ ಕಥೆ ಹೋವ್‌ದೇ ಅಲ್ವಾ?

ಕಿಟಕಿ ಸೀಟು:
ಅದೇ. ಕನಸಿಗೆ ಸಾಕ್ಷಿ ಎಲ್ಲಿಂದ ತರುತ್ತೀರಿ? ಕಥೆಯಾಗಿ ಚೆನ್ನಾಗಿದೆ. ಅಂಥ ಸೂಜಿ ಮಾಡಿದವರು ಅವನಿಗಿಂತ ಮುಂಚೆಯೂ ಇದ್ದರು. ನ್ಯೂಯಾರ್ಕಿನ ವಾಲ್ಟರ್ ಹಂಟ್ 1830ರ ದಶಕದಲ್ಲೇ ಮಾಡಿದ್ದ, ಪೇಟೆಂಟ್ ತೆಗೆದುಕೊಳ್ಳಲಿಲ್ಲ. ಬಡ ಹೊಲಿಗೆ ಹೆಂಗಸರ ಹೊಟ್ಟೆಗೆ ಹೊಡೆತ ಬೀಳುತ್ತೆ ಅಂತ ಮಗಳು ಬೇಡ ಅಂದಳಂತೆ. ಅದೇ ಹಂಟ್ 1849ರಲ್ಲಿ ಸೇಫ್ಟಿ ಪಿನ್ ಮಾಡಿ 400 ಡಾಲರ್‌ಗೆ ಹಕ್ಕು ಮಾರಿಬಿಟ್ಟ. ಸೀರೆ ಉಡುವ ಪ್ರತಿ ಹೆಂಗಸೂ ಆ ಪುಣ್ಯಾತ್ಮನ ಹೆಸರು ತಿಳಿದುಕೊಂಡಿರಬೇಕು.

ಮಲೆನಾಡಿನವಳು:
ಇವತ್ತಿನಿಂದ ಸೆರಗಿಗೆ ಪಿನ್ ಹಾಕುವಾಗ ಹಂಟ್ ತಾತನನ್ನು ನೆನೆಯುತ್ತೇನೆ. ಖಂಡಿತ.

ಗಡಿಯಾರ ಗೋಪುರ:
ಎಲ್ಲರೂ ಒಬ್ಬನನ್ನು ಮರೆತಿರಿ. ಎಡ್ವರ್ಡ್ ಕ್ಲಾರ್ಕ್, ಸಿಂಗರ್ ಕಂಪನಿಯ ವಕೀಲ ಮತ್ತು ಪಾಲುದಾರ. ಸಿಂಗರ್ ಮಷೀನು ಮಾಡಿದರು, ಅದನ್ನು ಮಾರಿದ್ದು ಕ್ಲಾರ್ಕ್. 1853ರಲ್ಲಿ ಮಾರಾಟ ಆದದ್ದು 810 ಮಷೀನು. ಬೆಲೆ ನೂರು ಡಾಲರ್ ಮೇಲೆ, ಸಾಮಾನ್ಯ ಸಂಸಾರದ ವರ್ಷದ ಆದಾಯ ಐನೂರು. ಯಾರು ಕೊಳ್ಳುತ್ತಾರೆ? ಕ್ಲಾರ್ಕ್ 1856ರಲ್ಲಿ ಕಂತು ಶುರು ಮಾಡಿದರು. ಐದು ಡಾಲರ್ ಕೊಟ್ಟು ಮನೆಗೆ ಒಯ್ಯಿ, ಉಳಿದದ್ದು ತಿಂಗಳು ತಿಂಗಳು. ಪಾದ್ರಿಗಳ ಹೆಂಡತಿಯರಿಗೆ ಅರ್ಧ ಬೆಲೆ, ಒಂದು ಊರಲ್ಲಿ ಪಾದ್ರಿ ಮನೆಗೆ ಬಂದರೆ ಪಕ್ಕದ ಮನೆಗೆ ಬೇಡವಾ? ಹಳೇ ಮಷೀನು ಕೊಟ್ಟು ಹೊಸದು ತಗೊಳ್ಳುವುದೂ ಅವರದೇ ಐಡಿಯಾ. 1876ಕ್ಕೆ ವರ್ಷದ ಮಾರಾಟ 2 ಲಕ್ಷ 62 ಸಾವಿರ.

ಅದೇ 1856ರಲ್ಲಿ ಹೋವ್, ಸಿಂಗರ್ ಮತ್ತು ಇನ್ನೆರಡು ಕಂಪನಿ ಕೇಸುಗಳನ್ನು ಬಿಟ್ಟು ಪೇಟೆಂಟುಗಳನ್ನೆಲ್ಲ ಒಂದೇ ಗಂಟು ಕಟ್ಟಿದರು. ಇತರರು ಮಷೀನು ಮಾಡಿದರೆ ಆ ಗಂಟಿಗೆ ಕಪ್ಪ ಕೊಡಬೇಕು. ಹೋವ್ ಕೋಟ್ಯಧಿಪತಿ ಆದದ್ದು ಮಷೀನು ಮಾರಿ ಅಲ್ಲ, ಈ ಕಪ್ಪದಿಂದ.

ಕ್ಲಾರ್ಕ್ ದಂಪತಿಗೆ ಸಿಂಗರ್ ಕಂಡರೆ ಆಗುತ್ತಿರಲಿಲ್ಲ. 1863ರಲ್ಲಿ ಹಳೇ ಪಾಲುದಾರಿಕೆ ಮುರಿದು ಹೊಸ ಕಂಪನಿ ಮಾಡಿದಾಗ ಇಬ್ಬರಿಗೂ ತಲಾ ಶೇಕಡಾ 40 ಷೇರು, ಆದರೆ ಸಿಂಗರ್ ಬದುಕಿರುವ ತನಕ ಇಬ್ಬರಲ್ಲಿ ಯಾರೂ ಅಧ್ಯಕ್ಷರಾಗುವಂತಿಲ್ಲ. ಸಿಂಗರ್ ಸತ್ತ ಮೇಲೆಯೇ ಕ್ಲಾರ್ಕ್ ಕುರ್ಚಿಗೆ ಬಂದದ್ದು.

ನಾಲ್ಕಾಣೆ:
ಅಂದರೆ ಕಂತಿನಲ್ಲಿ ಮೊಬೈಲ್ ಕೊಂಡು ನಾನು ಒದ್ದಾಡುತ್ತಿರುವುದಕ್ಕೂ ಮೂಲಪುರುಷ ಇವರೇ. ಸಂತೋಷ.

ಜರ್ಸಿ ಸೇವಂತಿ:
ನಾನಿರುವುದು ನ್ಯೂಜೆರ್ಸಿಯಲ್ಲಿ. ಇಲ್ಲಿಯ ಎಲಿಜಬೆತ್ ಊರಲ್ಲಿ 1873ರಲ್ಲಿ ಅವರ ದೊಡ್ಡ ಕಾರ್ಖಾನೆ ಶುರುವಾಯಿತು. ಕ್ಲಾರ್ಕ್ ದುಡ್ಡಿನ ಕಥೆ ಇನ್ನೂ ಇದೆ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ಪಕ್ಕ ಡಕೋಟಾ ಅಂತ ಒಂದು ದೊಡ್ಡ ಅಪಾರ್ಟ್‌ಮೆಂಟ್ ಇದೆ, 1884ರದು. ಕಟ್ಟಿಸಲು ಹೊರಟವರು ಇದೇ ಕ್ಲಾರ್ಕ್, ಮುಗಿಯುವ ಮೊದಲೇ ತೀರಿಕೊಂಡರು. ಜಾನ್ ಲೆನನ್ ಇದ್ದದ್ದು, 1980ರಲ್ಲಿ ಗುಂಡು ತಿಂದದ್ದು ಅದರ ಬಾಗಿಲಲ್ಲೇ. ಕ್ಲಾರ್ಕ್ ಮೊಮ್ಮಕ್ಕಳಲ್ಲಿ ಒಬ್ಬರು ವಿಲಿಯಮ್ಸ್‌ಟೌನ್‌ನಲ್ಲಿ ಚಿತ್ರಕಲೆಯ ಮ್ಯೂಸಿಯಂ ಮಾಡಿದರು, ಇನ್ನೊಬ್ಬರು ಕೂಪರ್ಸ್‌ಟೌನ್‌ಗೆ ಬೇಸ್‌ಬಾಲ್ ಮ್ಯೂಸಿಯಂ ತಂದರು.

ಕಾಫಿಗೆ ಬಾ:
ಅಲ್ಲಾ, ಸಿಂಗರ್ ಮಕ್ಕಳು ಏನಾದರು ಅದನ್ನು ಹೇಳಿ. 24 ಜನ. ಆಸ್ತಿ ಜಗಳ ಇಲ್ಲದೆ ಇರುತ್ತಾ?

ದೂರದ ಕಡಲು:
ನಾನು ಇಂಗ್ಲೆಂಡಿನ ಡೆವನ್ ಕಡೆ ಇದ್ದೆ ಮೂರು ವರ್ಷ. ಸಿಂಗರ್ ಕೊನೆಗೆ ಬಂದು ನೆಲೆಸಿದ್ದು ಅಲ್ಲಿಯ ಪೇಯ್ನ್‌ಟನ್ ಎಂಬ ಕಡಲೂರಲ್ಲಿ. ನ್ಯೂಯಾರ್ಕಿನ ದೊಡ್ಡಮನೆಯವರು ಇವರನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಪ್ಯಾರಿಸ್ಸಿನಲ್ಲಿ ಇದ್ದಾಗ 1870ರಲ್ಲಿ ಯುದ್ಧ ಬಂತು, ಇಂಗ್ಲೆಂಡಿಗೆ ದಾಟಿದರು. ಪೇಯ್ನ್‌ಟನ್‌ನಲ್ಲಿ ಅರಮನೆಯಂಥ ಮನೆ ಕಟ್ಟಲು ತೊಡಗಿದರು. ಮನೆಗೆ ಇಟ್ಟ ಅಡ್ಡಹೆಸರು ವಿಗ್ವಾಮ್, ಅಂದರೆ ಅಮೆರಿಕದ ಮೂಲನಿವಾಸಿಗಳ ಗುಡಿಸಲು! ಬೇರೆ ಬೇರೆ ತಾಯಂದಿರ ಮಕ್ಕಳನ್ನೂ ಅಲ್ಲಿಗೆ ಕರೆಸಿಕೊಂಡರು. ನಾಟಕದ ಹುಚ್ಚು ಬಿಟ್ಟಿರಲಿಲ್ಲ, ಮನೆಯಲ್ಲೇ ರಂಗಮಂದಿರ ಬೇಕು ಅಂದಿದ್ದರು. 1875ರ ಜುಲೈ 23ರಂದು ತೀರಿಕೊಂಡರು, ಮನೆ ಪೂರ್ತಿ ಆಗುವುದನ್ನು ನೋಡಲಿಲ್ಲ. ಮಣ್ಣು ಮಾಡಿದ್ದು ಪಕ್ಕದ ಟಾರ್ಕೀಯಲ್ಲಿ. ಆಮೇಲೆ ಮಗ ಪ್ಯಾರಿಸ್ ಸಿಂಗರ್ (ಊರಿನ ಹೆಸರೇ ಮಗನ ಹೆಸರು) ಅದನ್ನು ವರ್ಸೇಲ್ಸ್ ಅರಮನೆ ಥರ ಮಾಡಿಸಿದ. ಓಲ್ಡ್‌ವೇ ಅಂತ ಹೆಸರು. ನಾನು ಹೋದಾಗ ಒಳಗೆ ಬಿಡುತ್ತಿರಲಿಲ್ಲ, ತೋಟದಲ್ಲಿ ಕೂತು ಚಿತ್ರಾನ್ನ ತಿಂದು ಬಂದೆವು.

ವಿಲ್ ವಿಷಯ. ಸುಮಾರು 1 ಕೋಟಿ 30 ಲಕ್ಷ ಡಾಲರ್ ಆಸ್ತಿ, ಅವತ್ತಿನ ದುಡ್ಡು. ಇಸಬೆಲ್ಲಾ ಮಕ್ಕಳಿಗೆ ದೊಡ್ಡ ಪಾಲು. ಮೊದಲನೇ ಹೆಂಡತಿಯ ಮಗ ವಿಲಿಯಂ ವಿಚ್ಛೇದನದ ಹೊತ್ತಲ್ಲಿ ತಾಯಿ ಪರ ನಿಂತಿದ್ದನಲ್ಲ, ಅವನಿಗೆ 500 ಡಾಲರ್. ಅಷ್ಟೇ. ಅವನ ತಂಗಿಗೆ 10,000. ಮೇರಿ ಆನ್ ನಾನೇ ಹೆಂಡತಿ ಅಂತ ಕೋರ್ಟಿಗೆ ಹೋದಳು. ಕೋರ್ಟು ಇಸಬೆಲ್ಲಾಳೇ ಕಾನೂನಿನ ಪ್ರಕಾರ ಹೆಂಡತಿ ಅಂದಿತು.

ಮಲೆನಾಡಿನವಳು:
500 ಡಾಲರ್. ತಾಯಿ ಪರ ನಿಂತದ್ದಕ್ಕೆ. ನೋಡಿ.

ಜರ್ಸಿ ಸೇವಂತಿ:
ಮಕ್ಕಳಲ್ಲಿ ನನಗೆ ಇಷ್ಟ ವಿನರೆಟ್ಟಾ. 1865ರಲ್ಲಿ ಇಲ್ಲೇ ಯಾಂಕರ್ಸ್‌ನಲ್ಲಿ ಹುಟ್ಟಿದವಳು. ಪ್ಯಾರಿಸ್ಸಿನಲ್ಲಿ ಪೊಲಿನ್ಯಾಕ್ ಎಂಬ ರಾಜಮನೆತನದವನನ್ನು 1893ರಲ್ಲಿ ಮದುವೆಯಾದಳು, ಅದು ಎರಡನೇ ಮದುವೆ. ಅವಳಿಗೆ ಗಂಡಸರಲ್ಲಿ ಆಸಕ್ತಿ ಇರಲಿಲ್ಲ, ಅವನಿಗೆ ಹೆಂಗಸರಲ್ಲಿ. ಇಬ್ಬರಿಗೂ ಸಂಗೀತ ಅಂದರೆ ಜೀವ. ಹಾಗಾಗಿ ಆ ಸಂಸಾರ ಬಹಳ ಸುಖವಾಗಿತ್ತು! ಅವನು 1901ರಲ್ಲಿ ಹೋದ ಮೇಲೆ ಹೊಲಿಗೆ ಮಷೀನಿನ ದುಡ್ಡಲ್ಲಿ ಸ್ಟ್ರಾವಿನ್ಸ್ಕಿ, ಸಾಟಿ, ಫಾಯಾ ಇಂಥ ಸಂಗೀತ ರಚನಕಾರರಿಗೆ ಹಣ ಕೊಟ್ಟು ಹೊಸ ಕೃತಿಗಳನ್ನು ಬರೆಸಿದಳು. ನಮ್ಮಲ್ಲಿ ಮೈಸೂರು ಅರಸರು ವಿದ್ವಾಂಸರನ್ನು ಸಾಕಿದ ಹಾಗೆ ಅನ್ನಿ.

ಪ್ಯಾರಿಸ್ ಸಿಂಗರ್ ಕಥೆ ಮಾತ್ರ ದುಃಖದ್ದು. ನರ್ತಕಿ ಇಸಡೋರಾ ಡಂಕನ್ ಜೊತೆ ಇದ್ದ. ಅವರ ಮಗು ಪ್ಯಾಟ್ರಿಕ್, ಅವಳ ಹಿರಿಯ ಮಗಳು ಡೀರ್ಡ್ರಾ, ಇಬ್ಬರೂ 1913ರಲ್ಲಿ ಕಾರು ಸೇನ್ ನದಿಗೆ ಉರುಳಿ ಸತ್ತರು.

ತುಮಕೂರು ತಾತ:
ಸ್ವಾತಂತ್ರ್ಯ ದೇವಿಯ ಪ್ರತಿಮೆಗೆ ಮಾದರಿ ಸಿಂಗರ್ ಹೆಂಡತಿ ಇಸಬೆಲ್ಲಾ ಎಂದು ಎಲ್ಲೋ ಓದಿದ್ದೆ. ಹೌದೆ?

ಸೂಜಿಮೊನೆ:
ಬಾಯಿಂದ ಬಾಯಿಗೆ ಹೋದ ಸುದ್ದಿ ತಾತ. ಶಿಲ್ಪಿಯ ತಾಯಿಯ ಮುಖ ಅನ್ನುವವರೂ ಇದ್ದಾರೆ. ಆಕೆ ಮುಂದೆ ಇನ್ನೂ ಎರಡು ಮದುವೆಯಾಗಿದ್ದು ಮಾತ್ರ ದಾಖಲೆಯಲ್ಲಿದೆ.

ಹಳೇ ಪೆಡಲು:
ನಮ್ಮ ದೇಶದ ಮಾತು ಬರಲಿಲ್ಲ. 1870ರ ದಶಕದಿಂದಲೇ ಇಲ್ಲಿ ಸಿಂಗರ್ ಮಾರಾಟ ಇತ್ತು. ಮುಂಬೈನಲ್ಲಿ ಪಟೇಲ್ ಎಂಬ ಪಾರ್ಸಿ ಏಜೆಂಟ್ ಇದ್ದರು. ಅಮೆರಿಕದಲ್ಲಿ ಗೃಹಿಣಿಯರಿಗೆ ಮಾರಿದ್ದನ್ನು ಇಲ್ಲಿ ಮೊದಲು ಕೊಂಡವರು ದರ್ಜಿಗಳು. ನಮ್ಮ ತಾತನೂ ಒಬ್ಬ ಅನ್ನಿ. ಸಾಲ ಮಾಡಿ ಒಂದು ಮಷೀನು ತಂದು ಸಂತೆ ದಿನ ಮರದ ಕೆಳಗೆ ಕೂರುತ್ತಿದ್ದರು. ಆಯುಧಪೂಜೆಗೆ ಮೊದಲ ಕುಂಕುಮ ಅದಕ್ಕೇ. ಆ ಮಷೀನು ನಾಲ್ಕು ಹೆಣ್ಣುಮಕ್ಕಳ ಮದುವೆ ಮಾಡಿತು. ಸಿಂಗರ್ ಮನೆಯಲ್ಲಿ ಎಷ್ಟು ಹೆಂಡತಿಯರು ಅಂತ ನಮ್ಮ ತಾತ ಕೇಳಲಿಲ್ಲ, ನಾನೂ ಕೇಳಲ್ಲ.

ಮಲೆನಾಡಿನವಳು:
ಮಷೀನಿಗೆ ಕುಂಕುಮ ಇಡಿ ಅಣ್ಣ, ನಾನೂ ಇಡುತ್ತೇನೆ. ನಮ್ಮಮ್ಮ ವಿಧವೆಯಾದ ಮೇಲೆ ರವಿಕೆ ಹೊಲಿದೇ ನನ್ನನ್ನು ಓದಿಸಿದ್ದು. ನನ್ನ ತಕರಾರು ಮಷೀನಿನ ಮೇಲಲ್ಲ, ಆ ಪ್ರೀತಿಯ ಕಥೆ ಮೇಲೆ. ಏಟು ತಿಂದವಳ ಹೆಸರು ಬಿಟ್ಟು ಹೊಡೆದವನನ್ನು ಪ್ರೇಮಿ ಮಾಡುವುದು ಯಾಕೆ?

ಹಳೇ ಪೆಡಲು:
ಅದು ಒಪ್ಪಿದೆ ಅಮ್ಮ.

ಕಿಟಕಿ ಸೀಟು:
ಗಾಂಧೀಜಿ ಜೊತೆಗಿನ ಆ ಮಾತುಕತೆಯಲ್ಲಿ ಒಳ್ಳೇ ಪ್ರಶ್ನೆ ಕೇಳಿದ್ದು ಆ ಹುಡುಗ ರಾಮಚಂದ್ರನ್. ಸಿಂಗರ್ ಮಷೀನು ಬೇಕು ಅಂದರೆ ಅದನ್ನು ಮಾಡಲು ದೊಡ್ಡ ಕಾರ್ಖಾನೆ ಬೇಕಲ್ಲ ಅಂತ. ಗಾಂಧೀಜಿ ಹೌದು ಅಂದರು, ಆದರೆ ಅಂಥ ಕಾರ್ಖಾನೆ ಸರ್ಕಾರದ ಕೈಯಲ್ಲಿ ಇರಬೇಕು ಅಂದರು. ಭಾಷಣಗಳಲ್ಲಿ ಈ ಭಾಗ ಬರುವುದೇ ಇಲ್ಲ, ಹೆಂಡತಿ ಕಥೆ ಮಾತ್ರ ಬರುತ್ತದೆ.

ಗಡಿಯಾರ ಗೋಪುರ:
@ಬಾಬಿನ್ ಪೆಟ್ಟಿಗೆ, ನಿಮ್ಮ ಅಜ್ಜಿಯ ಮಷೀನಿನ ನಂಬರ್ ನೋಡಿ. ಬುಡದ ಹತ್ತಿರ, ಬಲಗಡೆ ಕೆತ್ತಿರುತ್ತದೆ. ಮುಂದೆ ಅಕ್ಷರ ಇದ್ದರೆ ಎಲ್ಲಿ ತಯಾರಾದದ್ದು ಅಂತ ಹೇಳಬಹುದು.

ಬಾಬಿನ್ ಪೆಟ್ಟಿಗೆ:
ನೋಡಿದೆ. ಇಂಗ್ಲಿಷಿನ ವೈ ಅಕ್ಷರ, ಆಮೇಲೆ ಏಳು ಅಂಕಿ.

ಗಡಿಯಾರ ಗೋಪುರ:
ವೈ ಅಂದರೆ ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಕಾರ್ಖಾನೆ, 1920ರ ದಶಕ ಅಥವಾ 30ರ ಮೊದಲರ್ಧ. ಆ ಕಾರ್ಖಾನೆ 1885ರಲ್ಲಿ ಶುರುವಾಗಿ 1980ರಲ್ಲಿ ಮುಚ್ಚಿತು. ಅಲ್ಲಿಯ ರೈಲು ನಿಲ್ದಾಣದ ಹೆಸರು ಇವತ್ತಿಗೂ ಸಿಂಗರ್. ಅಂದರೆ ಗಾಂಧೀಜಿ ಆ ಮಾತು ಆಡಿದ ಆಸುಪಾಸಿನಲ್ಲೇ ನಿಮ್ಮ ಮಷೀನು ಹಡಗು ಹತ್ತಿರಬಹುದು.

ಹಳೇ ಪೆಡಲು:
ಮೇಲಿನ ಭಾಗ ಯಾರಿಗೂ ಬಿಚ್ಚಲು ಕೊಡಬೇಡಿ. ಒಬ್ಬ ರಿಪೇರಿಯವನು ನಮ್ಮ ತಾತನ ಮಷೀನಿನ ಒಳ್ಳೇ ಶಟಲ್ ತೆಗೆದು ಡುಪ್ಲಿಕೇಟ್ ಹಾಕಿ ಕಳಿಸಿದ್ದ. ಮೊದಲು ಎಣ್ಣೆ ಬಿಟ್ಟು ಒಂದು ರಾತ್ರಿ ಬಿಡಿ. ಹೊಲಿಗೆ ಮಷೀನಿನ ಎಣ್ಣೆ, ಕೊಬ್ಬರಿ ಎಣ್ಣೆ ಅಲ್ಲ.

ಬಾಬಿನ್ ಪೆಟ್ಟಿಗೆ:
ಅಯ್ಯೋ, ನಿನ್ನೆ ಕೊಬ್ಬರಿ ಎಣ್ಣೆಯನ್ನೇ ಹಾಕಿದೆ 😐

ಹಳೇ ಪೆಡಲು:
ಚಳಿಗೆ ಗಟ್ಟಿಯಾಗುತ್ತೆ ಮಾರಾಯರೇ! ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ ಮೊದಲು.

ಬಾಬಿನ್ ಪೆಟ್ಟಿಗೆ:
ಒರೆಸಿದೆ. ಚಕ್ರ ತಿರುಗುತ್ತಿದೆ. ಅಮ್ಮನಿಗೆ ಇಲ್ಲಿಯ ಕಥೆಯೆಲ್ಲ ಓದಿ ಹೇಳಿದೆ. ಇಪ್ಪತ್ತನಾಲ್ಕಾ ಅಂತ ಒಮ್ಮೆ ಕೇಳಿದರು. ಆಮೇಲೆ ಆ ಮೇರಿ ಆನ್ ಕೊನೆಗೆ ಏನಾದಳು ಅಂದರು, ನನಗೆ ಉತ್ತರ ಗೊತ್ತಿರಲಿಲ್ಲ. ಇನ್ನೊಂದು ವಿಷಯ, ಚರ್ಮದ ಬೆಲ್ಟು ಹರಿದಿದೆ. ಬೆಂಗಳೂರಲ್ಲಿ ಎಲ್ಲಿ ಸಿಗುತ್ತೆ?

ನಾಲ್ಕಾಣೆ:
ಚಿಕ್ಕಪೇಟೆ ಕಡೆ ಹೋಗಿ ಕೇಳಿ. ಕಂತು ಇಲ್ಲ, ನಗದು.